ಖಾಲಿ ಹೋಗದ ಕುರ್ಚಿ

ಬಂಡೆಯ ಮೇಲಿನ ಊರಿನಿಂದ,
ಹತ್ತೊಂಬತ್ತನೇ ತಾರೀಕು, ಮಂಗಳವಾರ

ನನ್ನ ಸಣ್ಣಿಗೆ,

ನಿನ್ನ ಅಕ್ಕ ಕೂತಲ್ಲಿಂದಲೇ ತಲೆ ಸವರಿ ಆಶೀರ್ವಾದ ಮಾಡಿದ್ದಾಳೆ ಎಂದುಕೋ. ನಿನ್ನ ಎರಡು ಕಾಗದಗಳೂ ಬಂದು ನನ್ನ ಚೀಲದಲ್ಲಿ ಎರಡು ತಿಂಗಳಿಂದ ಕೂತಿವೆ. ಕಣ್ಣು ಮಂಜು, ಕೈನೋವು ಎಂದು ಏನಾದರೂ ನೆಪ ಹೇಳಬಹುದಿತ್ತು. ನೀನು ನಂಬುವವಳಲ್ಲ. ಬರೆಯಲಿಲ್ಲ, ಅಷ್ಟೆ. ತಪ್ಪಾಯಿತು. ನಿನ್ನ ಮಂಡಿ ಹೇಗಿದೆ? ಹೊಲಿಗೆ ಮೆಷಿನ್ನಿಗೆ ಮೋಟಾರು ಹಾಕಿಸಿಕೊಳ್ಳಿ ಎಂದು ನಿನ್ನ ಸೊಸೆ ಹೇಳಿದ್ದು ಸರಿಯಾಗೇ ಇದೆ. ಅವಳ ಬಾಯಿಂದ ಬಂತು ಎಂಬ ಒಂದೇ ಕಾರಣಕ್ಕೆ ಬೇಡ ಅನ್ನಬೇಡ.

ಸುದ್ದಿಯನ್ನು ಸಾಲಾಗಿ ಬರೆಯುತ್ತೇನೆ. ಕೊನೆಯ ಹಾಳೆಗೆ ಹಾರಬೇಡ, ನಿನ್ನ ಬುದ್ಧಿ ನನಗೆ ಗೊತ್ತು.

ನಾನು ಹೊರಟದ್ದು ಮೊಮ್ಮಗಳನ್ನು ಕಣಿವೆಯಿಂದ ಮೇಲಕ್ಕೆ ಕರೆತರಲು. ಅವಳಿಗೆ ದಿನ ತುಂಬಲು ಮೂರು ವಾರ ಉಳಿದಿತ್ತು, ಗಾಳಿಯ ಕಾಲ ಶುರುವಾಗಲು ಒಂದು ವಾರ, ಹೆಚ್ಚೆಂದರೆ ಹತ್ತು ದಿನ. ಗಾಳಿ ಎದ್ದರೆ ಆ ಕಣಿವೆಗೆ ಹೋಗುವ ದಾರಿ ದಿನಗಟ್ಟಲೆ ಮುಚ್ಚುತ್ತದೆ. ಇವಳೋ, ಅಲ್ಲೇ ಹೆರುತ್ತೇನೆ ಎಂದು ಗಂಡನ ಕೈಲಿ ಬರೆಸಿ ಕಳಿಸಿದ್ದಳು. ಹುಟ್ಟಿದ ದಿನವೇ ತಾಯಿಯನ್ನು ಕಳೆದುಕೊಂಡ ಕೂಸು ಅದು. ನನ್ನ ಮಗಳು ಹೋದ ಹಾಗೆ ಇವಳೂ ಹೋಗುವುದನ್ನು ನೋಡಲು ನಾನು ಇಪ್ಪತ್ತಾರು ವರ್ಷ ಇವಳನ್ನು ಸಾಕಿದೆನೇ? ಕಾಗದ ಮಡಿಸಿಟ್ಟು ಅದೇ ದಿನ ಬಸ್ಸು ಹತ್ತಿದೆ.

ಬಸ್ಸು ಈ ಮೇಲಿನ ಊರಿನವರೆಗೆ ಬರುತ್ತದೆ. ಇಲ್ಲಿಂದ ಮುಂದೆ ರಸ್ತೆ ಇಲ್ಲ ಎಂದರೆ ಸಾಲದು, ನೆಲವೇ ಇಲ್ಲ. ನೀನು ಕತ್ತರಿ ಇಟ್ಟು ಬಟ್ಟೆ ಕತ್ತರಿಸಿದ ಹಾಗೆ ಭೂಮಿ ನಿಂತುಬಿಡುತ್ತದೆ, ಕೆಳಗೆ ಸಮುದ್ರ. ಬಂಡೆಗೋಡೆ ಎರಡು ಕಡೆಯಿಂದ ಬಂದು ನಡುವೆ ಒಂದು ಸೀಳು ಬಿಟ್ಟಿದೆ. ಆ ಸೀಳೇ ಕಣಿವೆ. ಮೂವತ್ತು ಮನೆ, ಒಂದು ತೊರೆ, ಮೆಟ್ಟಿಲು ಮೆಟ್ಟಿಲಾಗಿ ತರಕಾರಿ ಪಾತಿ, ತುದಿಯಲ್ಲಿ ದೋಣಿ ಎಳೆದಿಡುವ ಕಲ್ಲುದಂಡೆ. ಸಾಮಾನು ಇಳಿಯುವುದು ಒಂದು ರಾಟೆಯ ಹಗ್ಗದಲ್ಲಿ, ಅದನ್ನು ನೋಡಿಕೊಳ್ಳುವವನೇ ಮೊಮ್ಮಗಳ ಗಂಡ. ಹಗ್ಗ ಹಳೆಯದು, ಅದರಲ್ಲಿ ಮನುಷ್ಯರನ್ನು ಇಳಿಸುವುದಿಲ್ಲ. ಮನುಷ್ಯರು ನಡೆಯಬೇಕು.

ವಾರಕ್ಕೆ ಎರಡು ಸಲ ಇಳಿದು ಹತ್ತುವ ಅಂಚೆಯವಳೊಬ್ಬಳಿದ್ದಾಳೆ. ಅವಳ ಬೆನ್ನು ಹತ್ತಿದೆ. ಕರುವಿಗೆ ಕಟ್ಟಿದ ಹಾಗೆ ನನ್ನ ಸೊಂಟಕ್ಕೆ ಹಗ್ಗ ಕಟ್ಟಿ ಇನ್ನೊಂದು ತುದಿಯನ್ನು ತನ್ನ ಸೊಂಟಕ್ಕೆ ಸುತ್ತಿಕೊಂಡಳು. ನಾನು ಬಿದ್ದರೆ ನಿನ್ನನ್ನೂ ಎಳೆದುಕೊಂಡು ಹೋಗುತ್ತೇನಲ್ಲೇ ಎಂದೆ. "ಬೀಳೋರು ಯಾರೂ ಇಷ್ಟು ಮಾತಾಡಲ್ಲ ಅಜ್ಜಿ, ಅವರ ಬಾಯಿ ಒಣಗಿರುತ್ತೆ" ಎಂದಳು. ಆಮೇಲೆ ನಾನು ಬಾಯಿ ಮುಚ್ಚಿಕೊಂಡೆ. ಮುಚ್ಚಿದ ಮೇಲೆ ಅದು ನಿಜವಾಗಿಯೂ ಒಣಗಿತು.

ಮೊದಲು ಬಂಡೆಯಲ್ಲಿ ಕೊರೆದ ಹಾದಿ, ಎರಡು ಪಾದ ಅಕ್ಕಪಕ್ಕ ಇಡುವಷ್ಟು ಅಗಲ, ಹಿಡಿಯಲು ಒಂದು ಸರಪಳಿ. ನಡುವೆ ಬಂಡೆ ಮುರಿದ ಜಾಗದಲ್ಲಿ ಕಬ್ಬಿಣದ ಏಣಿ, ಅರವತ್ತೆರಡು ಮೆಟ್ಟಿಲು. ಅದನ್ನು ಸಮುದ್ರಕ್ಕೆ ಬೆನ್ನು ಹಾಕಿ ಇಳಿಯಬೇಕು. ಕೆಳಗೆ ಮನೆಯಷ್ಟು ಮನೆಯಷ್ಟು ದಪ್ಪದ ಕಲ್ಲುಗುಂಡುಗಳು. ನೀರು ಹಿಂದೆ ಸರಿದಾಗ ಸಿಗುವ ಒಂದೂವರೆ ಗಂಟೆಯೊಳಗೆ ಅವನ್ನು ದಾಟಿಬಿಡಬೇಕು. ಅಂಚೆಯವಳು ಒಂದೂವರೆ ಗಂಟೆಯಲ್ಲಿ ಇಡೀ ದಾರಿ ಮುಗಿಸುತ್ತಾಳೆ. ನನಗೆ ಐದು ಗಂಟೆ ಹಿಡಿಯಿತು. ಆ ಪುಣ್ಯಾತ್ಗಿತ್ತಿ ಒಂದು ಸಲವೂ ಗಡಿಯಾರ ನೋಡಲಿಲ್ಲ. ನೋಡಿದ್ದರೆ ನಾನು ಅಲ್ಲೇ ಕೂತುಬಿಡುತ್ತಿದ್ದೆ.

ಮೊಮ್ಮಗಳು ಬಾಗಿಲಲ್ಲಿ ನಿಂತಿದ್ದಳು. ನನ್ನನ್ನು ಕಂಡು ಬೆರಗೂ ಇಲ್ಲ, ಬೆದರೂ ಇಲ್ಲ.

"ಕರ್ಕೊಂಡು ಹೋಗೋಕೆ ಬಂದಿದ್ರೆ ಊಟ ಮಾಡಿ ಮಲಕ್ಕೋ ಅಜ್ಜಿ, ಅಂಚೆಯವಳ ಜೊತೆ ವಾಪಸ್ ಹತ್ತುವಿಯಂತೆ. ನೋಡೋಕೆ ಬಂದಿದ್ರೆ ಎಷ್ಟು ದಿನ ಬೇಕಾದ್ರೂ ಇರು."

ನೋಡುವುದಕ್ಕೇ ಬಂದದ್ದು ಎಂದೆ. ನಕ್ಕಳು. ಸುಳ್ಳು ಹೇಳುವುದನ್ನು ನನ್ನ ಮಡಿಲಲ್ಲೇ ಕಲಿತವಳು, ನನ್ನ ಸುಳ್ಳು ಅವಳಿಗೆ ತಿಳಿಯದೆ ಇರುತ್ತದೆಯೇ?

ಮನೆ ಎಂದರೆ ಒಂದೂವರೆ ಕೋಣೆ. ಕಿಟಕಿಯ ಹತ್ತಿರ ಮೇಜು, ಮೇಜಿನ ಮೇಲೆ ಗಡಿಯಾರ ಮತ್ತು ಒಂದು ದಪ್ಪ ಪುಸ್ತಕ. ಕಲ್ಲುದಂಡೆಯಲ್ಲಿ ನೆಟ್ಟ ಅಳತೆಗೋಲನ್ನು ದಿನಕ್ಕೆ ನಾಲ್ಕು ಸಲ ನೋಡಿ ನೀರು ಎಷ್ಟು ಏರಿದೆ, ಎಷ್ಟು ಇಳಿದಿದೆ ಎಂದು ಬರೆದಿಡುವುದು ಅವಳ ಕೆಲಸ. ಅದನ್ನು ನೋಡಿಯೇ ದೋಣಿಯವರು ದೋಣಿ ಇಳಿಸುವುದು, ಅಂಚೆಯವಳು ಹೊರಡುವುದು. ಹೊಟ್ಟೆ ಹೊತ್ತುಕೊಂಡು ಆ ಜಾರುಕಲ್ಲಿನ ಮೇಲೆ ನಡೆದು ಹೋಗಿ ಬಗ್ಗಿ ನೋಡುತ್ತಾಳೆ. ನಾನು ಬಾಗಿಲಿನಿಂದಲೇ ಕೂಗಿಕೊಳ್ಳುತ್ತೇನೆ, ಅವಳಿಗೆ ಅದರ ಪರಿವೆಯೇ ಇಲ್ಲ. ಗಂಡ ಒಳ್ಳೆಯವನು. ಒಳ್ಳೆಯವನು ಎಂದರೆ ಅವಳ ಮುಂದೆ ತುಟಿ ಪಿಟಕ್ಕೆನ್ನದವನು. ಒಬ್ಬನೇ ಸಿಕ್ಕಾಗ ನೀನಾದರೂ ಹೇಳಪ್ಪ ಎಂದೆ. ನಾನು ಹೇಳಿದರೆ ಕೇಳುತ್ತಾಳಾ, ನೀವು ಸಾಕಿದ್ದು ನಿಮಗೇ ಗೊತ್ತಲ್ಲ ಎಂದು ನನ್ನ ಕಡೆಗೇ ತಿರುಗಿಸಿ ಹಗ್ಗಕ್ಕೆ ಎಣ್ಣೆ ಹಚ್ಚಲು ಹೋದ.

ಕಣಿವೆಯ ಸೂಲಗಿತ್ತಿಯನ್ನೂ ನೋಡಿದೆ. ನನಗಿಂತ ಎರಡು ವರ್ಷ ದೊಡ್ಡವಳು, ಎರಡು ಕಿವಿಯೂ ಮಂದ. ಹೊಟ್ಟೆ ಒತ್ತಿ ನೋಡಿ, ತಲೆ ಮೇಲಿದೆ, ತಿರುಗುತ್ತೆ, ತಿರುಗದಿದ್ರೆ ನಾನು ತಿರುಗಿಸ್ತೀನಿ, ನಲವತ್ತು ಕೂಸು ಈ ಕೈಯಲ್ಲಿ ಬಂದಿವೆ ಎಂದು ಆ ಕೈಯನ್ನು ನನ್ನ ಮೂಗಿಗೆ ಹಿಡಿದಳು. ಬಾರದೆ ಹೋದವು ಎಷ್ಟು ಎಂದು ಕೇಳಿದೆ. ಅವಳಿಗೆ ಕೇಳಿಸಲಿಲ್ಲ. ಮೊಮ್ಮಗಳಿಗೆ ಕೇಳಿಸಿತು, ಅವತ್ತು ಸಂಜೆಯವರೆಗೆ ನನ್ನ ಜೊತೆ ಮಾತಿಲ್ಲ.

ಅಲ್ಲಿ ಫೋನು ಹಿಡಿಯುವುದಿಲ್ಲ, ಎರಡೂ ಕಡೆ ಗೋಡೆ. ಮೇಲಿನವರಿಗೆ ಏನಾದರೂ ತಿಳಿಸಬೇಕಾದರೆ ಬಟ್ಟೆ ಏರಿಸುತ್ತಾರೆ. ಕಣಿವೆಯ ಬಾಯಲ್ಲಿ ಎತ್ತರದ ಒಂದು ಕಲ್ಲಿದೆ, ಅದರ ಮೇಲೆ ಕಂಬ, ಹಗ್ಗ. ಬೆಳಿಗ್ಗೆ ಒಂಬತ್ತಕ್ಕೆ ಬಿಳಿ ಏರಿದರೆ ಎಲ್ಲ ಸರಿಯಿದೆ ಎಂದು. ಹಳದಿ ಎಂದರೆ ಸಾಮಾನು ಬೇಕು. ಕೆಂಪು ಎಂದರೆ ಯಾರನ್ನೋ ಹೊತ್ತು ಮೇಲೆ ತರಬೇಕು. ಮೇಲಿನ ಊರಿನಲ್ಲಿ ದುರ್ಬೀನು ಹಿಡಿದು ಒಬ್ಬ ಕಾವಲುಗಾರ ಕೂತಿರುತ್ತಾನೆ. ಕೆಂಪು ಕಂಡರೆ ಗಂಟೆ ಬಾರಿಸುತ್ತಾನೆ, ಪಾಳಿಯ ಎಂಟು ಜನ ಕೈಲಿದ್ದ ಕೆಲಸ ಬಿಟ್ಟು ಕುರ್ಚಿ ಹೊತ್ತು ಓಡುತ್ತಾರೆ. ಜೊತೆಗೆ ನರ್ಸು. ಇದಕ್ಕಾಗಿಯೇ ಕಣಿವೆಯಲ್ಲಿ ಯಾರೂ ಹೊರಗೆ ಹಗ್ಗ ಕಟ್ಟಿ ಬಟ್ಟೆ ಹರವುವುದಿಲ್ಲ, ಕಲ್ಲಿನ ಮೇಲೆ ಹಾಸಿ ಒಣಗಿಸುತ್ತಾರೆ. ಬಂದ ದಿನವೇ ಮೊಮ್ಮಗಳ ಗಂಡ ನನಗೆ ಇದನ್ನೆಲ್ಲ ಎರಡೆರಡು ಸಲ ಹೇಳಿದ್ದ.

ಮೊಮ್ಮಗಳ ವಾದವೂ ಈ ಕೆಂಪು ಬಟ್ಟೆಯ ಮೇಲೆಯೇ ನಿಂತಿತ್ತು. ಅವಳು ಅಂದದ್ದನ್ನು ಅಂದ ಹಾಗೆ ಬರೆಯುತ್ತೇನೆ, ನೀನು ಕಾಗದ ಹರಿದು ಹಾಕಬೇಡ.

"ಅಮ್ಮ ಸತ್ತಿದ್ದು ಬಂಡೆ ಕೆಳಗಲ್ಲ ಅಜ್ಜಿ, ಊರಲ್ಲಿ. ಡಾಕ್ಟರ ಮನೆ ಒಂದು ಗಂಟೆ ದಾರಿ. ಚಿಕ್ಕಜ್ಜಿ ದಾರೀಲಿ ತಡ ಮಾಡಿದ್ರು, ಅದಕ್ಕೆ ಹೋದಳು ಅಂತ ನೀನೇ ಹೇಳಿದ್ದು. ಇಲ್ಲಿ ಯಾರೂ ತಡ ಮಾಡಲ್ಲ. ಗಾಳಿ ಕಾಲದಲ್ಲೂ ನಡುನಡುವೆ ಬಿಡುವು ಇರುತ್ತೆ. ನೋವು ಕಂಡ ತಕ್ಷಣ ಕೆಂಪು ಏರಿಸಿದ್ರೆ ಎಂಟು ಜನ ಓಡಿ ಬರ್ತಾರೆ. ನಂಗೇನು ಭಯ?"

ನಾಲಿಗೆ ಉದ್ದದವಳು ಎಂದು ನನಗೆ ಹೆಸರು. ಅವತ್ತು ಪಾತ್ರೆ ತೊಳೆಯಲು ಎದ್ದು ಹೋದೆ.

ಐದನೇ ದಿನ ನಾನೊಂದು ಕೆಲಸ ಮಾಡಿದೆ. ಆ ಕಣಿವೆಗೆ ಬಿಸಿಲು ಬರುವುದು ಹತ್ತೂವರೆಗೆ. ಗಂಡ ರಾಟೆಯ ಹತ್ತಿರ, ಅವಳು ಅಳತೆಗೋಲಿನ ಹತ್ತಿರ. ನಾನು ನನ್ನ ಕೆಂಪು ಕಂಬಳಿಯನ್ನು ಹೆಗಲಿಗೆ ಹಾಕಿಕೊಂಡು ಆ ಎತ್ತರದ ಕಲ್ಲು ಹತ್ತಿದೆ, ಬಿಳಿ ಇಳಿಸಿದೆ, ಕಂಬಳಿ ಏರಿಸಿದೆ. ಒಗೆದ ಬಟ್ಟೆ ಎಂದು ಕಾಣಲಿ ಎಂದು ಎರಡು ಕ್ಲಿಪ್ಪನ್ನೂ ಸಿಕ್ಕಿಸಿದೆ. ಮುದುಕಿಗೆ ಗೊತ್ತಾಗಲಿಲ್ಲ, ಬಟ್ಟೆ ಒಣಗಿಸುವ ಹಗ್ಗ ಎಂದುಕೊಂಡಳು ಎಂದು ಎಲ್ಲರೂ ನಗಲಿ, ಆದರೆ ಬಂದವರು ಬಂದ ತಪ್ಪಿಗೆ ಇವಳನ್ನು ಹೊತ್ತುಕೊಂಡು ಹೋಗಲಿ, ಇದು ನನ್ನ ಲೆಕ್ಕಾಚಾರ. ಹೌದು, ಬೇಕೆಂದೇ ಮಾಡಿದೆ. ನಿನ್ನ ಹತ್ತಿರ ಮುಚ್ಚಿಡುವುದು ಏನಿದೆ ಎಂದು ಬರೆಯಲು ಹೊರಟು ಪೆನ್ನು ನಿಂತಿತು. ಮುಂದೆ ಹೇಳುತ್ತೇನೆ.

ಸರಿಯಾಗಿ ಒಂದೂವರೆ ಗಂಟೆಯೊಳಗೆ ಇಳಿದು ಬಂದರು. ಮುಂದಾಳು ಈ ಊರಿನ ಕ್ಷೌರಿಕ, ಕೈಯಲ್ಲಿ ಇನ್ನೂ ಸೋಪಿನ ನೊರೆ ಒಣಗಿ ಅಂಟಿತ್ತು. ಅವನು ಅರ್ಧ ಕ್ಷೌರ ಮಾಡಿ ಬಿಟ್ಟ ಗಿರಾಕಿಯೂ ಎಂಟು ಜನರಲ್ಲಿ ಒಬ್ಬ. ಒಂದು ಕೆನ್ನೆ ನುಣ್ಣಗೆ, ಇನ್ನೊಂದರಲ್ಲಿ ವಾರದ ಗಡ್ಡ. ಬೇರೆ ದಿನವಾಗಿದ್ದರೆ ಒಂದು ವಾರ ನಗುತ್ತಿದ್ದೆ. ಎಲ್ಲರ ಅಂಗಿಯೂ ಬೆವರಿಗೆ ಮೈಗಂಟಿತ್ತು. ಯಾರು ಎಂದು ಮಾತ್ರ ಕೇಳಿದರು. ಯಾಕೆ ಎಂದು ಒಬ್ಬರೂ ಕೇಳಲಿಲ್ಲ.

ಮೊಮ್ಮಗಳು ದಂಡೆಯಿಂದ ಬಂದಳು, ಕಂಬದ ಕಡೆ ನೋಡಿದಳು, ನನ್ನ ಕಡೆ ನೋಡಿದಳು. ಒಣಹಾಕಿದ್ದೆ ಕಣೇ, ಗೊತ್ತಾಗಲಿಲ್ಲ ಎಂದೆ.

"ಒಣಗಿರೋ ಕಂಬಳೀನ ಯಾರಾದ್ರೂ ಒಣಹಾಕ್ತಾರಾ ಅಜ್ಜಿ?" ಎಂದಳು.

ಕಣಿವೆಯ ಅರ್ಧ ಜನ ಅಂಗಳದಲ್ಲಿ ಸೇರಿದ್ದರು. ಮುಖವನ್ನು ಎಲ್ಲಿ ಇಟ್ಟುಕೊಳ್ಳಲಿ? ಎಲ್ಲರಿಗೂ ತೊಂದರೆ ಕೊಟ್ಟೆ, ನೀವು ಹೋಗಿ ಬನ್ನಿ ಎಂದೆ. ಆಗ ಕ್ಷೌರಿಕ ಹೇಳಿದ, ಕುರ್ಚಿ ಖಾಲಿ ಹೋಗುವ ಹಾಗಿಲ್ಲ, ಅದು ಇಲ್ಲಿಯ ಕ್ರಮ, ಯಾರಾದರೂ ಕೂರಲೇಬೇಕು ಎಂದು. ತಪ್ಪಿ ಏರಿಸಿದ್ದು ಎಂದು ಗೊತ್ತಾದ ಮೇಲೂ ಏನು ಹಟ ಎಂದು ಕೇಳಿದೆ. ಅವನಿಗೆ ಸಿಟ್ಟು ಬರಲಿಲ್ಲ. ಪಾಠ ಹೇಳುವವನ ಹಾಗೆ ಹೇಳಿದ:

"ತಪ್ಪಾಯ್ತಾ ಸರಿಯಾಯ್ತಾ ಅಂತ ನಾವು ವಿಚಾರಿಸಲ್ಲ ಅಜ್ಜಿ. ಒಂದು ಸಲ ಖಾಲಿ ಕುರ್ಚಿ ಹೋದ್ರೆ, ಮುಂದಿನ ಸಲ ಏರಿಸೋರು ಯೋಚನೆ ಮಾಡ್ತಾರೆ. ಇನ್ನೊಂದು ಸ್ವಲ್ಪ ನೋಡೋಣ, ಸುಮ್ಸುಮ್ನೆ ಜನರನ್ನ ಯಾಕೆ ಓಡಿಸೋದು ಅಂತ. ಹಾಗೆ ನೋಡ್ತಾ ಕೂತ ಮನೇಲೇ ಜೀವ ಹೋಗೋದು. ಏರಿಸಿದ ಮೇಲೆ ನಾಚಿಕೆ ಇರಬಾರದು. ಅದಕ್ಕೆ ಯಾರನ್ನಾದ್ರೂ ಹೊತ್ಕೊಂಡೇ ಹೋಗ್ತೀವಿ."

"ಏರಿಸಿದೋರೇ ಕೂತ್ಕೊಳ್ಳಲಿ" ಎಂದಳು ಮೊಮ್ಮಗಳು.

ಕೂರಿಸಿದರು. ಎದೆಗೊಂದು ಪಟ್ಟಿ, ಸೊಂಟಕ್ಕೊಂದು ಪಟ್ಟಿ. ಅರ್ಧ ಗಡ್ಡದವನು ನನ್ನ ಕಾಲಿಗೆ ಪಟ್ಟಿ ಬಿಗಿದ. ಸಾಮಾನಿನ ಮೂಟೆಗೂ ನನಗೂ ಏನೂ ವ್ಯತ್ಯಾಸವಿರಲಿಲ್ಲ, ಮೂಟೆಗೆ ನಾಚಿಕೆ ಆಗುವುದಿಲ್ಲ ಎನ್ನುವುದೊಂದು ಬಿಟ್ಟರೆ.

ಬಂದದ್ದಕ್ಕೆ ಒಮ್ಮೆ ನೋಡಿಬಿಡುತ್ತೇನೆ ಎಂದು ನರ್ಸು ಮೊಮ್ಮಗಳನ್ನು ಒಳಗೆ ಕರೆದುಕೊಂಡು ಹೋಗಿದ್ದಳು. ಹೊರಗೆ ಬಂದು ಕೈ ಒರೆಸಿಕೊಳ್ಳುತ್ತ, ಮಗು ತಲೆ ಮೇಲಾಗಿ ಕೂತಿದೆ, ತಿರುಗಬಹುದು, ತಿರುಗದೆಯೂ ಇರಬಹುದು, ಅವಳು ಒಪ್ಪದೆ ಹೊತ್ತುಕೊಂಡು ಹೋಗುವ ಅಧಿಕಾರ ನನಗಿಲ್ಲ ಎಂದಳು. ಆಮೇಲೆ ನನ್ನ ಮುಂದೆ ಬಂದು ನಿಂತು, ಇವಳ ತಾಯಿಗೆ ಹೆರಿಗೆಯಲ್ಲಿ ಏನಾಯಿತು, ಸರಿಯಾಗಿ ಹೇಳಿ, ನಾನು ಬರೆದುಕೊಳ್ಳಬೇಕು, ನೋವು ಎಷ್ಟು ಹೊತ್ತಿಗೆ, ರಕ್ತ ಎಷ್ಟು ಹೊತ್ತಿಗೆ, ಡಾಕ್ಟರಿಗೆ ಹೇಳಿ ಕಳಿಸಿದ್ದು ಎಷ್ಟು ಹೊತ್ತಿಗೆ ಎಂದು ಕೇಳಿದಳು.

ಪಟ್ಟಿ ಬಿಗಿದಿತ್ತು, ಎದ್ದು ಪಾತ್ರೆ ತೊಳೆಯಲು ಹೋಗುವ ಹಾಗಿರಲಿಲ್ಲ. ಹೇಳಿದೆ. ಏನು ಹೇಳಿದೆ ಎಂಬುದನ್ನು ಇಲ್ಲಿ ಬರೆಯಲು ಆಗುತ್ತಿಲ್ಲ, ನನ್ನ ಸಹಿಯ ಕೆಳಗೆ ಬರೆಯುತ್ತೇನೆ.

ಸೂಲಗಿತ್ತಿ ಏನಂತೆ, ಏನಂತೆ ಎಂದು ಪಕ್ಕದವರ ಕೈ ಜಗ್ಗುತ್ತಿದ್ದಳು. ಮೊಮ್ಮಗಳು ಆ ಮುದುಕಿಯನ್ನು ನೋಡಿದಳು, ಆಮೇಲೆ ನನ್ನನ್ನು ನೋಡಿದಳು. ಮನೆಯೊಳಗೆ ಹೋಗಿ ಆ ದಪ್ಪ ಪುಸ್ತಕ ತಂದು ಗಂಡನ ಕೈಗೆ ಕೊಟ್ಟು, ಯಾವ ಗೆರೆಯಲ್ಲಿ ಏನು ಬರೆಯಬೇಕು ಎಂದು ತೋರಿಸಿದಳು. ನನ್ನ ಹತ್ತಿರ ಬಂದಳು.

"ಅಜ್ಜಿ, ಇಳಿ" ಎಂದಳು.

ಅವಳು ಕುರ್ಚಿಯಲ್ಲಿ ಹೋದಳು. ನಾನು ನಡೆದೇ ಹತ್ತಿದೆ. ಏಣಿಯ ಮೇಲೆ ನನ್ನನ್ನು ಹಿಂದಿನಿಂದ ದಬ್ಬಿದವನು ಅರ್ಧ ಗಡ್ಡದವನು. ಎಲ್ಲಿ ದಬ್ಬಿದ ಎಂದು ಕೇಳಬೇಡ. ಅವಳ ಕುರ್ಚಿ ನನ್ನ ತಲೆಯ ಮೇಲೆಯೇ ಹೋಗುತ್ತಿತ್ತು. ದಾರಿಯುದ್ದಕ್ಕೂ ಒಂದು ಸಲವೂ ಕೆಳಗೆ ಬಗ್ಗಿ ನನ್ನನ್ನು ನೋಡಲಿಲ್ಲ.

ಮೇಲೆ ಬಂದ ನಾಲ್ಕನೇ ದಿನ ಗಾಳಿ ಎದ್ದಿತು. ಎದ್ದದ್ದು ಒಂಬತ್ತು ದಿನ ಬಿಡಲಿಲ್ಲ. ಅವಳು ಹೇಳಿದ ಬಿಡುವು ಒಂದು ಗಳಿಗೆಯೂ ಸಿಗಲಿಲ್ಲ. ಅಲೆ ಏಣಿಯ ಅರ್ಧದವರೆಗೆ ಹೊಡೆಯುತ್ತಿತ್ತು ಎಂದು ಕಾವಲುಗಾರ ಹೇಳಿದ. ಆ ಒಂಬತ್ತರಲ್ಲಿ ಆರನೇ ದಿನ, ಎಣಿಸಿದ್ದಕ್ಕಿಂತ ಮೊದಲೇ, ಇವಳಿಗೆ ನೋವು ಕಂಡಿತು. ಮಗು ತಿರುಗಿರಲಿಲ್ಲ. ನರ್ಸು ಒಂದು ನಿಮಿಷ ಕಾಯದೆ ಜೀಪಿನಲ್ಲಿ ದೊಡ್ಡಾಸ್ಪತ್ರೆಗೆ ಹಾಕಿಕೊಂಡು ಹೋದಳು. ಮಧ್ಯಾಹ್ನ ಎರಡೂವರೆಗೆ ಹೊಟ್ಟೆ ಕೊಯ್ದು ತೆಗೆದರು. ಹೆಣ್ಣು. ಇವತ್ತಿಗೆ ಹನ್ನೊಂದು ದಿನ. ತಾಯಿ ಮಗು ಇಬ್ಬರೂ ಚೆನ್ನಾಗಿದ್ದಾರೆ. ಮೊನ್ನೆ ವಾಪಸು ಈ ಊರಿಗೆ ಬಂದು ಆರೋಗ್ಯ ಕೇಂದ್ರದ ಹಿಂದಿನ ಕೋಣೆಯಲ್ಲಿದ್ದೇವೆ. ಮಗುವಿನ ಮೂಗು ನಮ್ಮ ಕಡೆಯದು, ಪಾಪ. ಗಂಟಲು ನನ್ನದು ಎಂದು ಎಲ್ಲರೂ ಹೇಳುತ್ತಾರೆ.

ಕೆಳಗೆ ಅವಳ ಗಂಡನಿಗೆ ತಿಳಿಸುವುದು ಹೇಗೆ? ಮೇಲೆಯೂ ಒಂದು ಕಂಬವಿದೆ, ಆದರೆ ಮಗು ಹುಟ್ಟಿತು ಎನ್ನುವುದಕ್ಕೆ ಬಣ್ಣ ಗೊತ್ತುಮಾಡಿಲ್ಲ. ಕಾವಲುಗಾರ ತಲೆ ಕೆರೆದುಕೊಂಡು ಕೊನೆಗೆ ಎರಡು ಬಿಳಿ ಬಟ್ಟೆ ಏರಿಸಿದ, ಒಂದು ದೊಡ್ಡದು, ಅದರ ಕೆಳಗೆ ಕರವಸ್ತ್ರದಷ್ಟು ಚಿಕ್ಕದು. ಹತ್ತು ನಿಮಿಷ ಬಿಟ್ಟು ಕೆಳಗಿನಿಂದ ಬಿಳಿ, ಹಳದಿ, ಕೆಂಪು ಮೂರೂ ಒಟ್ಟಿಗೆ ಏರಿದವಂತೆ. ಕ್ಷೌರಿಕ ಓಡಲು ಎದ್ದುನಿಂತಿದ್ದನಂತೆ, ಹಿಡಿದು ಕೂರಿಸಿದರು.

ಇನ್ನು ಹದಿನೈದು ದಿನ ಇಲ್ಲೇ ಇರುತ್ತೇನೆ. ಮಂಡಿಗೆ ಬಿಸಿನೀರಿನ ಶಾಖ ಬಿಡಬೇಡ. ನಿನ್ನ ಮನೆ ತುಂಬಿರಲಿ, ನಿನ್ನ ಕೈಕಾಲು ಗಟ್ಟಿಯಾಗಿರಲಿ, ನಿನ್ನ ಮಕ್ಕಳು ಮೊಮ್ಮಕ್ಕಳು ಸಂಜೆ ಹೊತ್ತಿಗೆ ನಿನ್ನ ಕಣ್ಣ ಮುಂದೆ ಇರಲಿ.

ನಿನ್ನ ಅಕ್ಕ

ಮರೆತದ್ದಲ್ಲ, ಉಳಿಸಿಕೊಂಡದ್ದು:

ಕುರ್ಚಿಯಲ್ಲಿ ಕೂತು ನರ್ಸಿಗೆ ಹೇಳಿದ್ದು ಇದು. ಮಗಳಿಗೆ ರಕ್ತ ಕಂಡದ್ದು ಬೆಳಿಗ್ಗೆ ಹತ್ತಕ್ಕೆ. ನೀನು ಆಗಲೇ ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತಿದ್ದೆ, ಡಾಕ್ಟರನ್ನ ಕರ್ಕೊಂಡು ಬರ್ತೀನಕ್ಕ ಎಂದು ನೀನು ಹೇಳಿದೆ. ಕೂತ್ಕೊಳ್ಳೇ, ನಾಲ್ಕು ಹೆತ್ತವಳು ನಾನು, ಇನ್ನೊಂದು ಸ್ವಲ್ಪ ನೋಡೋಣ ಎಂದು ನಾನು ಹೇಳಿದೆ. ಹನ್ನೆರಡಕ್ಕೆ ಮತ್ತೆ ಕೇಳಿದೆ ನೀನು, ಬೈದು ಕೂರಿಸಿದೆ. ಮೂರಕ್ಕೆ ಹೋಗು ಎಂದೆ. ನೀನು ಓಡಿದ್ದು ನನಗೆ ಕಿಟಕಿಯಲ್ಲಿ ಕಂಡಿತು. ಸೆರಗು ಬಿದ್ದರೂ ನಿಲ್ಲಲಿಲ್ಲ. ಡಾಕ್ಟರು ಬರುವ ಹೊತ್ತಿಗೆ ಅವಳು ಹೋಗಿ ಅರ್ಧ ಗಂಟೆಯಾಗಿತ್ತು.

ಬಂದವರು ಯಾಕಿಷ್ಟು ತಡವಾಯಿತು ಎಂದು ಕೇಳಿದಾಗ, ತಂಗಿಯನ್ನು ಕಳಿಸಿದ್ದೆ, ದಾರಿಯಲ್ಲಿ ತಡ ಮಾಡಿದಳು ಎಂದೆ. ಮೊದಲ ಸಲ ಬಾಯಿ ತಪ್ಪಿ ಬಂತು. ಎರಡನೇ ಸಲ ತಪ್ಪಿ ಬರಲಿಲ್ಲ. ನೀನು ಅಲ್ಲೇ ನೀರಿನ ಕೊಡ ಹಿಡಿದು ನಿಂತಿದ್ದೆ. ಒಂದು ಮಾತೂ ಆಡಲಿಲ್ಲ, ಅವತ್ತೂ ಆಡಲಿಲ್ಲ, ಇವತ್ತಿನವರೆಗೂ ಆಡಲಿಲ್ಲ. ಯಾಕೆ ಎಂದು ಕೇಳುವಷ್ಟು ಮುಖ ನನಗಿಲ್ಲ.

ಮೊಮ್ಮಗಳು ನನ್ನನ್ನು ಬೈಯಲಿಲ್ಲ. ಮಗುವನ್ನು ಎತ್ತಿಕೊಳ್ಳಲು ಕೊಡುತ್ತಾಳೆ, ಊಟ ಹಾಕುತ್ತಾಳೆ. ದಿನಾ ಬೆಳಿಗ್ಗೆ ಒಂದೇ ಮಾತು ಕೇಳುತ್ತಾಳೆ, ಚಿಕ್ಕಜ್ಜಿಗೆ ಬರೆದ್ಯಾ ಎಂದು. ಹನ್ನೊಂದು ದಿನ ಕೇಳಿದಳು. ನಾಳೆ ಕೇಳಿದರೆ ಹೌದು ಎನ್ನಬಹುದು.

ಆ ಸುಳ್ಳನ್ನು ನಾನು ಯಾರ್ಯಾರ ಹತ್ತಿರ ಹೇಳಿದ್ದೆ ಎಂದು ಕೂತು ನೆನಪು ಮಾಡಿಕೊಂಡೆ. ಬದುಕಿರುವವರು ಅತ್ತಿಗೆ, ಹಿಟ್ಟಿನ ಗಿರಣಿಯವನ ಹೆಂಡತಿ, ಶಾಲೆಯ ಹಿಂದಿನ ಮನೆಯ ಅಕ್ಕತಂಗಿಯರು, ನಿನ್ನ ಬೀಗಿತ್ತಿ. ಊರಿಗೆ ಬಂದ ದಿನವೇ ಒಂದೊಂದು ಮನೆಯ ಬಾಗಿಲಿಗೂ ಹೋಗಿ ನಡೆದದ್ದನ್ನು ಹೇಳುತ್ತೇನೆ. ನೀನು ಜೊತೆಗೆ ಬರುವುದಾದರೆ ಬಾ. ಬರದಿದ್ದರೂ ಹೋಗುತ್ತೇನೆ.